ನಾಗರಾಜಪ್ಪನವರ ಕಣದಲ್ಲಿ ನಾಲ್ಕು ಗಂಟೆಯ ಬಜ್ಜಿ

ಚನ್ನಗಿರಿಯ ಅಡಿಕೆ ವ್ಯಾಪಾರಿ ನಾಗರಾಜಪ್ಪನವರಿಗೆ ಹಸಿವಿನಲ್ಲಿ ನಂಬಿಕೆ ಇಲ್ಲ. ದೇವರಲ್ಲಿ ಇದೆ, ಪಂಚಾಂಗದಲ್ಲಿ ಇದೆ, ನಾಳೆ ಧಾರಣೆ ಏರುತ್ತದೆ ಎಂದು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೇಳಿದರೆ ಅದರಲ್ಲೂ ಇದೆ. ಹಸಿವು ಮಾತ್ರ ಬರೀ ಅಭ್ಯಾಸ ಎಂಬುದು ಅವರ ಮತ. ಈ ಮತವನ್ನು ಅವರು ದಿನಾ ಬೆಳಿಗ್ಗೆ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು ಮುಗಿಸಿ, ಒಂದು ತೇಗು ತೇಗಿದ ಮೇಲೆ ಪ್ರಚಾರಕ್ಕೆ ತೆಗೆಯುತ್ತಾರೆ.

ಪ್ರಾಯದಲ್ಲಿ ಅವರು ಸೈಕಲ್ ಮೇಲೆ ತೋಟದಿಂದ ತೋಟಕ್ಕೆ ತಿರುಗಿ ಖೇಣಿ ಹಿಡಿದವರು. ಎಂದರೆ ಫಸಲು ಇನ್ನೂ ಮರದ ಮೇಲಿರುವಾಗಲೇ ಮಾತಾಡಿ ಕೊಂಡವರು. "ಆಗ ಬರೀ ನೀರು ಕುಡಿದು ದುಡಿದೀನಿ" ಎಂದು ಇವತ್ತಿಗೂ ಹೇಳುತ್ತಾರೆ. ಒಂದೊಂದು ತೋಟದ ಮನೆಯಲ್ಲೂ ಕೂರಿಸಿ ಕೊಟ್ಟ ಒಗ್ಗರಣೆ ಅವಲಕ್ಕಿ, ಮಜ್ಜಿಗೆ, ಬೆಲ್ಲದ ಕಾಫಿ ಎಲ್ಲವೂ ಆ ನೀರಿನಲ್ಲೇ ಕರಗಿ ಹೋಗಿವೆ. ದೊಡ್ಡವರಾದವರು ತಮ್ಮ ಕಷ್ಟವನ್ನು ನೆನೆಯುವಾಗ ಇಂಥ ಸಣ್ಣಪುಟ್ಟ ವಿಷಯಗಳು ಬಿಟ್ಟುಹೋಗುವುದು ಸಹಜ.

ಈಗ ಅವರಿಗೆ ಊರ ಹೊರಗೆ ಸ್ವಂತ ಕಣವಿದೆ. ತಗಡಿನ ಚಪ್ಪರ, ಅಡಿಕೆ ಬೇಯಿಸುವ ಹಂಡೆ, ಒಣಗಿಸಲು ವಿಶಾಲವಾದ ಅಂಗಳ. ಸುಲಿಯಲು ಯಂತ್ರವನ್ನೂ ತಂದಿದ್ದರು. ಅದು ಸಿಪ್ಪೆಯ ಜೊತೆಗೆ ಅಡಿಕೆಯನ್ನೂ ಸೀಳಿ ಕೊಡುತ್ತಿದ್ದುದರಿಂದ ಮೂಲೆಗೆ ಸೇರಿತು. ಅದರ ಮೇಲೆ ಈಗ ಕೋಳಿ ಕೂರುತ್ತದೆ. ಹಾಗಾಗಿ ಸುಗ್ಗಿ ಬಂತೆಂದರೆ ಜಗಳೂರು ಕಡೆಯ ಹೆಂಗಸರು ಗುಂಪು ಕಟ್ಟಿಕೊಂಡು ಬರುತ್ತಾರೆ. ಕಣದ ಹಿಂದಿನ ಕೋಣೆಗಳಲ್ಲಿ ಉಳಿಯುತ್ತಾರೆ. ಗುಂಪಿಗೆ ಮುಂದಾಳು ಉಚ್ಚಂಗೆಮ್ಮ. ಮಣೆಗೆ ಕೂರಿಸಿದ ಕತ್ತಿಯ ಮುಂದೆ ಕೂತಳೆಂದರೆ ಅವಳ ಕೈಯೂ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ.

ಹಸಿ ಅಡಿಕೆ ಸುಲಿದ ಕೈಯನ್ನು ನೋಡಿದವರಿಗೆ ಗೊತ್ತು. ಕರೆ ಹತ್ತಿ ಬೆರಳೆಲ್ಲ ಕಪ್ಪಗಾಗುತ್ತದೆ. ಆ ಕೈಯಲ್ಲಿ ಸಕ್ಕರೆ ಮುಟ್ಟಿ ತಿಂದರೂ ಒಗರು. ತೊಳೆಯಬೇಕೆಂದರೆ ಹುಣಸೆಹಣ್ಣು, ಸೋಪು, ತೆಂಗಿನ ನಾರು ಹಿಡಿದು ಅರ್ಧ ಹೊತ್ತು ಉಜ್ಜಬೇಕು. ಇದಕ್ಕೆ ನಾಗರಾಜಪ್ಪನವರ ಹೆಂಡತಿ ಕಸ್ತೂರಮ್ಮ ಬಹಳ ವರ್ಷದ ಹಿಂದೆಯೇ ಒಂದು ದಾರಿ ಮಾಡಿದ್ದರು. ನಾಲ್ಕು ಗಂಟೆಗೆ ಅವರು ಮೆಣಸಿನಕಾಯಿ ಬಜ್ಜಿ ಕರಿದು, ಮಂಡಕ್ಕಿಗೆ ಒಗ್ಗರಣೆ ಕೊಟ್ಟು, ಟೀ ಕಾಯಿಸಿ ಕಳಿಸುವುದು. ಗುಂಪಿನಲ್ಲೇ ಹಿರಿಯಳಾದ ಲಕ್ಷ್ಮಕ್ಕ ಸಾಲಿನುದ್ದಕ್ಕೂ ಹೋಗಿ ಒಬ್ಬೊಬ್ಬರ ಬಾಯಿಗೂ ಇಡುವುದು. ಬಜ್ಜಿ ಒಂದು ತುತ್ತು, ಮಂಡಕ್ಕಿ ಒಂದು ತುತ್ತು, ಆರಿದ ಟೀ ಒಂದು ಗುಟುಕು. ಕತ್ತಿ ನಿಲ್ಲುತ್ತಿರಲಿಲ್ಲ.

ನಾಗರಾಜಪ್ಪನವರು ನಾಲ್ಕು ಗಂಟೆಗೆ ಸಾಮಾನ್ಯವಾಗಿ ಪೇಟೆಯ ಅಡಿಕೆ ಮಂಡಿಯಲ್ಲಿರುವವರು. ಅಲ್ಲಿ ಬೇರೆಯವರ ಖರ್ಚಿನಲ್ಲಿ ಟೀ ಬರುತ್ತದೆ. ಈ ವರ್ಷ ಒಂದು ದಿನ ಬೇಗ ಬಂದರು, ಕಣ್ಣಾರೆ ಕಂಡರು, ಕಂಬದ ಹಾಗೆ ನಿಂತರು.

"ಲಕ್ಷ್ಮಕ್ಕ, ನಿನಗೆ ಕತ್ತಿ ಕೊಟ್ಟಿಲ್ಲೇನು?"

"ಕೊಟ್ಟಿದ್ರಲ್ರೀ ಸಾವ್ಕಾರ್ರೆ. ಮಣಕಾಲು ಮಡಚಾಕೆ ಬರಲ್ಲ, ಅದಕ್ಕೆ ಈ ಕೆಲಸ."

"ಇದೂ ಒಂದು ಕೆಲಸಾನಾ? ಇವರೇನು ಎಳೆ ಕೂಸುಗಳಾ? ತಿನ್ನಾಕೆ ಕೈ ಇಲ್ಲೇನು?"

ಉಚ್ಚಂಗೆಮ್ಮ ಬಾಯಲ್ಲಿದ್ದುದನ್ನು ನುಂಗಿ ಹೇಳಿದಳು: "ಕೈ ಐತ್ರೀ. ನಿಮ್ಮ ಅಡಿಕೆ ಹಿಡ್ಕಂಡೈತೆ."

ಸಾಲಿನಲ್ಲಿ ನಗು ಹರಿದಾಡಿತು. ನಗು ಕೇಳಿದ ಮೇಲೆ ನಾಗರಾಜಪ್ಪನವರು ಹಿಂದೆ ಸರಿಯುವವರಲ್ಲ. "ನಾಳೆಯಿಂದ ಇದೆಲ್ಲ ಬಂದ್. ಹಸಿವಾದೋರು ಹೊರಗೆ ಹೋಗಿ ತಿಂದು ಬರ್ರಿ. ನಾನೇನು ಹೋಟ್ಲು ಇಟ್ಟೀನಾ?" ಎಂದರು. ಲಕ್ಷ್ಮಕ್ಕನಿಗೆ, ಕೂರಲು ಆಗದವರು ಮನೆಯಲ್ಲಿರುವುದು ಒಳ್ಳೆಯದು ಎಂದು ಆರೋಗ್ಯದ ಸಲಹೆಯನ್ನೂ ಕೊಟ್ಟರು. ಅವಳು ಗಂಟು ಕಟ್ಟಿ ಹೊನ್ನಾಳಿ ಬಸ್ಸು ಹತ್ತಿದಳು. ಅಲ್ಲೊಂದು ಕಣದಲ್ಲಿ ಅವಳನ್ನು ಸಂತೋಷವಾಗಿಯೇ ಒಳಗೆ ಕರೆದರು.

ಕಸ್ತೂರಮ್ಮ ಆ ಸಂಜೆ ಗಂಡನಿಗೆ ಹೇಳಿದರು: "ರೀ, ಹಂಗೆ ಮಾಡಬ್ಯಾಡ್ರಿ. ಕೆಲಸ ನಿಲ್ತೈತೆ."

"ನಿಲ್ಲಲಿ ಬಿಡೇ. ಸುಲಿದಷ್ಟಕ್ಕೆ ಕೂಲಿ. ಎದ್ದು ಹೋದ್ರೆ ಯಾರಿಗೆ ಲಾಸು? ಅವರಿಗೇ ತಾನೇ?"

ಲೆಕ್ಕವೇನೋ ಸರಿಯಾಗಿತ್ತು. ಈ ಲೆಕ್ಕವನ್ನು ಯಾರೂ ಹಸಿ ಅಡಿಕೆಗೆ ಹೇಳಿರಲಿಲ್ಲ, ಅಷ್ಟೇ. ಕೊಯ್ದ ಅಡಿಕೆಯನ್ನು ಬೇಗ ಸುಲಿದು ಬೇಯಿಸಬೇಕು. ರಾಶಿಯಾಗಿ ಬಿದ್ದರೆ ಬೆವರುತ್ತದೆ, ಒಳಗೆ ಕಾವು ಏರುತ್ತದೆ, ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟ ಅಡಿಕೆಯನ್ನು ಮಂಡಿಯಲ್ಲಿ ಕೈಯಲ್ಲಿ ಹಿಡಿದು ನೋಡುವವರೂ ಇಲ್ಲ.

ಅದರ ಮರುದಿನವೇ ಸೂಳೆಕೆರೆ ಕೆಳಗಿನ ತೋಟದ ಕೊಯ್ಲು ಬಂತು. ಆ ತೋಟದ ಖೇಣಿಗೆ ನಾಗರಾಜಪ್ಪನವರು ಎಷ್ಟೋ ವರ್ಷದಿಂದ ಆಸೆಪಟ್ಟಿದ್ದರು. ಈ ಸಲ ಸಿಕ್ಕಿತ್ತು. "ಈ ವರ್ಷದ ಮೊದಲನೇ ಬಣ್ಣ ನನ್ನ ಕಣದ್ದು, ಎಲ್ಲರಿಗಿಂತ ಮೇಲಿನ ಧಾರಣೆ ನನಗೇ" ಎಂದು ಮಂಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಟ್ರ್ಯಾಕ್ಟರ್ ತುಂಬ ಗೊನೆ ಬಂದು ಚಪ್ಪರದಲ್ಲಿ ಬಿತ್ತು. ಅವರು ಆ ರಾಶಿಯನ್ನು ಮೊಮ್ಮಗನನ್ನು ನೋಡುವ ಹಾಗೆ ನೋಡಿದರು.

ನಾಲ್ಕು ಗಂಟೆಗೆ ಹೆಂಗಸರು ಕತ್ತಿ ಬಿಟ್ಟು ಎದ್ದರು. ಸಿಟ್ಟಿಲ್ಲ, ಘೋಷಣೆಯಿಲ್ಲ. ಸಾವ್ಕಾರರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದರು. ಒಂದೇ ನಲ್ಲಿ, ಒಬ್ಬರ ಹಿಂದೆ ಒಬ್ಬರು ಕೈ ಉಜ್ಜಿದರು. ಮುಖ ತೊಳೆದರು. ಮುಖ ತೊಳೆದ ಮೇಲೆ ತಲೆ ಬಾಚದೆ ಪೇಟೆಗೆ ಹೋಗಲಾಗುತ್ತದೆಯೇ? ಬಾಚಿದರು. ಬಸ್ ನಿಲ್ದಾಣದ ಹತ್ತಿರ ಮೆಣಸಿನಕಾಯಿ ಬಂಡಿಯಲ್ಲಿ ಎಣ್ಣೆ ಕಾಯುವ ತನಕ ನಿಂತು, ಬಿಸಿಬಿಸಿ ತಿಂದು, ಟೀ ಕುಡಿದು, ಒಬ್ಬಳು ಬಳೆ ನೋಡಿ, ಇನ್ನೊಬ್ಬಳು ಜಗಳೂರು ಬಸ್ಸಿನ ಕಂಡಕ್ಟರ್ ಹತ್ತಿರ ಊರ ಸುದ್ದಿ ಕೇಳಿ, ವಾಪಸ್ಸು ಬರುವಾಗ ಹೊತ್ತು ಇಳಿದಿತ್ತು.

ನಾಗರಾಜಪ್ಪನವರು ಗೇಟಿನಲ್ಲಿ ನಿಂತಿದ್ದರು. "ಏನ್ರವ್ವಾ, ದಿಬ್ಬಣಕ್ಕೆ ಹೋಗಿದ್ರೇನು?"

"ನೀವೇ ತಿಂದು ಬರ್ರಿ ಅಂದ್ರಲ್ಲ ಸಾವ್ಕಾರ್ರೆ. ಹಸಿವಿದ್ದಾಗ ದಾರಿ ಉದ್ದ ಕಾಣ್ತೈತೆ, ಹೊಟ್ಟೆ ತುಂಬಿದ ಮ್ಯಾಲೆ ನಡೆಯಾಕೆ ಬರಲ್ಲ. ಏನು ಮಾಡಾಣ?" ಎಂದಳು ಉಚ್ಚಂಗೆಮ್ಮ.

ಎರಡನೆಯ ದಿನವೂ ಹಾಗೇ ಆಯಿತು. ಆ ಸಂಜೆ ನಾಗರಾಜಪ್ಪನವರು ರಾಶಿಯೊಳಗೆ ಕೈ ತೂರಿಸಿ ನೋಡಿ, ಬಿಸಿ ಬಾಣಲೆ ಮುಟ್ಟಿದವರಂತೆ ಹಿಂದಕ್ಕೆ ತೆಗೆದರು. ಅಡಿಕೆ ಕಾಯುತ್ತಿತ್ತು. ಇನ್ನೊಂದು ದಿನ ಬಿಟ್ಟರೆ ಮೊದಲನೇ ಬಣ್ಣ ಇರಲಿ, ಕೊನೆಯ ಬಣ್ಣವೂ ಸಿಗುತ್ತಿರಲಿಲ್ಲ.

ಮೂರನೆಯ ದಿನ ಅವರು ದೊಡ್ಡ ಮನಸ್ಸು ಮಾಡಿ ಬಿಸ್ಕತ್ತಿನ ಪೊಟ್ಟಣ ತರಿಸಿ ಹಂಚಿದರು. ಹೆಂಗಸರು ಕಪ್ಪು ಕೈಗಳನ್ನು ಎತ್ತಿ ತೋರಿಸಿ ನಲ್ಲಿಯ ಕಡೆ ಹೊರಟರು. ಆಗ ಸಾವ್ಕಾರರಿಗೆ ಜ್ಞಾನೋದಯವಾಯಿತು. ಅವರನ್ನು ತಡೆದು ಮತ್ತೆ ಕತ್ತಿಯ ಮುಂದೆ ಕೂರಿಸಿ, ಕಣದ ಪಕ್ಕದ ಅಡುಗೆ ಕೋಣೆಗೆ ಓಡಿದರು.

"ಕಸ್ತೂರಿ, ಎಣ್ಣೆ ಇಡೇ. ಬಜ್ಜಿ ಹಾಕು."

"ಹಾಕ್ತೀನಿ. ತಿನ್ನಿಸೋರು ಯಾರು?"

"ನೀನೇ."

"ನಾನು ತಿನ್ನಿಸಾಕೆ ಹೋದ್ರೆ ಕರಿಯೋರು ಯಾರು? ಲಕ್ಷ್ಮಕ್ಕನ್ನ ಕಳಿಸಿದೋರು ಯಾರೋ ಅವರೇ ಹೋಗ್ಲಿ."

ಮಂಡಿಯಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದ ನಾಗರಾಜಪ್ಪನವರು ತಟ್ಟೆ ಹಿಡಿದು ಚಪ್ಪರಕ್ಕೆ ಬಂದರು. ಉಚ್ಚಂಗೆಮ್ಮನ ಮುಂದೆ ನಿಂತು, ಬಜ್ಜಿಯನ್ನು ತೊಟ್ಟು ಹಿಡಿದು, ಮುಖ ಆ ಕಡೆ ತಿರುಗಿಸಿ, ಕೈಯನ್ನು ಮುಂದೆ ಚಾಚಿದರು. ಬಜ್ಜಿ ಅವಳ ಮೂಗಿಗೆ ತಗುಲಿತು.

"ಬಾಯಿ ಕೆಳಗೈತ್ರೀ ಸಾವ್ಕಾರ್ರೆ."

ಎರಡನೆಯ ಸಲ ಗುರಿ ಸರಿಯಾಯಿತು. ಅವಳು ಅಗಿಯುತ್ತಾ, ಕತ್ತಿಯ ಮೇಲೆ ಅಡಿಕೆ ಒತ್ತುತ್ತಾ ಹೇಳಿದಳು: "ಮದುವೇಲಿ ನಮ್ಮ ಯಜಮಾನನೂ ಹಿಂಗೆ ತಿನ್ನಿಸಿರಲಿಲ್ಲ ನೋಡ್ರಿ."

ಒಲೆಯ ಕಡೆಯಿಂದ ಕಸ್ತೂರಮ್ಮನ ದನಿ ಬಂತು: "ನನಗೂ ತಿನ್ನಿಸಿಲ್ಲ ಕಣೇ. ಇವತ್ತೇ ಮೊದಲು ಕೈ ಬಿಚ್ಚಿರೋದು!"

ಚಪ್ಪರ ಹಾರಿಹೋಗುವ ಹಾಗೆ ನಕ್ಕರು. ನಕ್ಕರೂ ಕತ್ತಿ ನಿಲ್ಲಲಿಲ್ಲ. ದೀಪ ಹಚ್ಚುವ ಹೊತ್ತಿಗೆ ರಾಶಿ ಮುಗಿದು ಹಂಡೆಗೆ ಬಿತ್ತು. ಅಡಿಯಲ್ಲಿದ್ದ ಪಾಲು ಆಗಲೇ ಕಾವಿಗೆ ಕೆಟ್ಟು ಹೋಗಿತ್ತು, ಮೇಲಿನದು ಉಳಿಯಿತು. ಈ ವರ್ಷದ ಮೊದಲನೇ ಬಣ್ಣ ನ್ಯಾಮತಿಯ ಯಾರದೋ ಪಾಲಾಯಿತು. ಅವರ ಕಣದಲ್ಲಿ ಎರಡು ಹೊತ್ತು ಟೀ, ಜೊತೆಗೆ ಒಗ್ಗರಣೆ ಅವಲಕ್ಕಿ ಎಂದು ಆಮೇಲೆ ತಿಳಿಯಿತು.

ತೋಟದಲ್ಲಿ ಇನ್ನೂ ಎರಡು ಕೊಯ್ಲು ಬಾಕಿ ಇತ್ತು. ನಾಗರಾಜಪ್ಪನವರು ಹೊನ್ನಾಳಿಗೆ ಹೋಗಿ ಲಕ್ಷ್ಮಕ್ಕನನ್ನು ಕರೆದರು. "ಈ ಸುಗ್ಗಿ ಇಲ್ಲಿ ಒಪ್ಕಂಡೀನ್ರಿ, ನಡುವೆ ಬಿಟ್ಟು ಬರಾಕೆ ಆಗಲ್ಲ. ನೀವೂ ಗಟ್ಟಿಮುಟ್ಟಾಗಿ ಅದೀರಿ, ಮಣಕಾಲು ಚೆನ್ನಾಗವೆ" ಎಂದಳು ಅವಳು, ಆರೋಗ್ಯ ವಿಚಾರಿಸುವ ದನಿಯಲ್ಲೇ.

ಅಲ್ಲಿಂದ ದಿನಾ ಸಾವ್ಕಾರರೇ ತಿನ್ನಿಸಿದರು. ಯಾರಿಗೆ ಖಾರ ಆಗದು, ಯಾರಿಗೆ ಮೊದಲು ಟೀ ಬೇಕು, ಎಲ್ಲ ಬಾಯಿಪಾಠವಾಯಿತು. ಉಳಿದೆರಡು ಕೊಯ್ಲು ಬಣ್ಣ ಕೆಡದೆ ಹಂಡೆ ಸೇರಿದವು. ಮೊನ್ನೆ, ಕಣದಲ್ಲಿ ಬೇರೆ ತೋಟದ ಅಡಿಕೆ ಇನ್ನೂ ಸುಲಿಯುತ್ತಿರುವಾಗ, ವ್ಯಾಪಾರಿಗಳು ಸೇರಿದ್ದ ಕಡೆ ಅವರು ಎದ್ದು ನಿಂತು, ಕೆಲಸದ ಜಾಗದಲ್ಲಿ ತಿಂಡಿ, ಟೀ ಕೊಡುವುದರಿಂದ ಆಗುವ ಲಾಭ ಎಂಬ ವಿಷಯದ ಮೇಲೆ ಮಾತಾಡಿದರು. ಹಸಿದವರಿಂದ ದುಡಿಸುವುದು ದಡ್ಡತನ, ಇದನ್ನು ತಾನು ಚಿಕ್ಕಂದಿನಿಂದಲೂ ಹೇಳಿಕೊಂಡು ಬಂದಿದ್ದೇನೆ ಎಂದರು. ಚಪ್ಪಾಳೆ ಬಿತ್ತು. ಇನ್ನೂ ಹೇಳುವವರಿದ್ದರು, ಗೋಡೆ ಗಡಿಯಾರದಲ್ಲಿ ನಾಲ್ಕಾಗುತ್ತಿರುವುದನ್ನು ನೋಡಿ, ಮಾತನ್ನು ಅರ್ಧಕ್ಕೇ ಬಿಟ್ಟು, ಹೆಗಲ ಮೇಲಿನ ಟವಲು ಎಳೆದುಕೊಂಡು ಕಣದ ಕಡೆ ಬಿರಬಿರನೆ ಹೆಜ್ಜೆ ಹಾಕಿದರು.