ಬೂದಿ ಗೆರೆ ದಾಟದ ಕಳ್ಳ

ತಿಪಟೂರಿನ ಕೊಬ್ಬರಿ ವರ್ತಕ ಶಂಭುಲಿಂಗಯ್ಯನವರು ಯಾರನ್ನೂ ನಂಬುವುದಿಲ್ಲ ಎಂದರೆ ತಪ್ಪಾಗುತ್ತದೆ. ತಮ್ಮ ಕಿವಿಯನ್ನು ನಂಬುತ್ತಾರೆ. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಮಾರುವವನ ಮಾತಿಗೆ ಮಾತ್ರ ಅದೇ ಕಿವಿ ಕೊಂಚ ಮಂದ.

ಅವರ ಬಳಿ ತಂದೆಯ ಕಾಲದ ಮೋಟಾರ್ ಸೈಕಲ್ಲೊಂದಿದೆ. ಐವತ್ತೈದು ವರ್ಷದ ಗಾಡಿ. ಎಂಜಿನ್ ಕೆಟ್ಟರೆ ಒಳಗಿನ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ. ಹೋದ ಕಾರ್ತಿಕದಲ್ಲಿ ಅದರ ಟ್ಯಾಂಕಿನಿಂದ ಪೆಟ್ರೋಲ್ ಮಾಯವಾಗತೊಡಗಿತು.

ಅನುಮಾನ ನೇರವಾಗಿ ಹೋಗಿ ಕೂತದ್ದು ಬಾಮೈದ ರುದ್ರೇಶನ ಮೇಲೆ. ವಾಸ ಪಕ್ಕದ ಮನೆಯಲ್ಲಿ, ಆಗಾಗ ಇದೇ ಗಾಡಿಯಲ್ಲಿ ನೊಣವಿನಕೆರೆಗೆ ಓಡಾಟ, ಮೇಲಾಗಿ ಹೆಂಡತಿಯ ತಮ್ಮ. ಇನ್ನೇನು ಬೇಕು? ಹೆಂಡತಿ ಮೀನಾಕ್ಷಮ್ಮ ತಮ್ಮನ ಪರ ಮಾತಾಡಿದ ಮೇಲಂತೂ ಅನುಮಾನ ಗಟ್ಟಿಯಾಯಿತು.

ಒಂದು ರಾತ್ರಿ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ತೆಂಗಿನ ಗರಿಯ ಕಡ್ಡಿ ಇಳಿಬಿಟ್ಟು ಗುರುತು ಮಾಡಿಕೊಂಡರು. ಟ್ಯಾಂಕಿನಿಂದ ಎಂಜಿನ್ ಕಡೆಗೆ ಪೆಟ್ರೋಲ್ ಬಿಡುವ ಕಾಕ್ ತೆರೆದೇ ಇತ್ತು. ಮುಚ್ಚಿದರೆ ಕಳ್ಳನಿಗೆ ಸುಳಿವು ಸಿಕ್ಕೀತೆಂದು ಹಾಗೇ ಬಿಟ್ಟರು. ಕಣದಲ್ಲಿ ರಾಗಿ ರಾಶಿಯ ಸುತ್ತ ಎಳೆಯುವಂತೆ ಗಾಡಿಯ ಸುತ್ತಲೂ ಬೂದಿ ಗೆರೆ ಎಳೆದರು. ಯಾರು ಮುಟ್ಟಲು ಬಂದರೂ ಗೆರೆ ಕೆಡಲೇಬೇಕು.

ಬೆಳಿಗ್ಗೆ ನೋಡಿದರೆ ಗೆರೆ ಕೆಟ್ಟಿರಲಿಲ್ಲ. ನೆಲದ ಮೇಲೆ ಒಂದು ತೊಟ್ಟಿನ ಕಲೆಯೂ ಇಲ್ಲ. ಪೆಟ್ರೋಲ್ ಮಾತ್ರ ಎರಡು ಬೆರಳು ಇಳಿದಿತ್ತು. ಬೇರೆಯವರಾಗಿದ್ದರೆ ಕಳ್ಳನೇ ಇಲ್ಲ ಅಂದುಕೊಳ್ಳುತ್ತಿದ್ದರು. ಶಂಭುಲಿಂಗಯ್ಯನವರು, ಕಳ್ಳ ಉದ್ದದ ಪೈಪು ತಂದಿದ್ದಾನೆ ಅಂದುಕೊಂಡರು.

ಸಾಕ್ಷಿಗೆ ಇರಲಿ ಎಂದು ಮೆಕ್ಯಾನಿಕ್ ಜುಂಜೇಶನಿಗೆ ಹೇಳಿಕಳಿಸಿ, ಅವನು ಬರುವಷ್ಟರಲ್ಲಿ ಕಿಕ್ಕರ್ ಒದ್ದು ನೋಡಿದರು. ಅರ್ಧಕ್ಕೇ ನಿಂತಿತು. ರುದ್ರೇಶ ಎಂಜಿನ್ನಿಗೂ ಏನೋ ಮಾಡಿದ್ದಾನೆಂದು ಗೊಣಗುತ್ತ, ಪಂಚೆ ಎತ್ತಿ ಕಟ್ಟಿ, ಮೈಭಾರವೆಲ್ಲ ಹಾಕಿ ಒದೆಯಲು ಸಿದ್ಧರಾದರು.

"ಒದೀಬ್ಯಾಡಿ ಸಾವ್ಕಾರ್ರೇ, ಇಳೀರಿ," ಎಂದ ಆಗಷ್ಟೇ ಬಂದ ಜುಂಜೇಶ. "ಎಂಜಿನ್ ಒಳಗೆ ಪೆಟ್ರೋಲ್ ತುಂಬ್ಕಂಡೈತೆ. ಪಿಸ್ಟನ್ ರಾಡ್ ಬಗ್ಗೋಯ್ತು ಅಂದ್ರೆ ಗಾಡಿ ಗುಜರಿಗೇ."

ಇವನೂ ರುದ್ರೇಶನ ಕಡೆಯವನೇ ಇರಬೇಕು ಎನಿಸಿತು ಶಂಭುಲಿಂಗಯ್ಯನವರಿಗೆ. ಜುಂಜೇಶ ವಾದಕ್ಕಿಳಿಯಲಿಲ್ಲ. ಎಂಜಿನ್ ಆಯಿಲ್ ಅಳೆಯುವ ಕಡ್ಡಿ ತೆಗೆದು ಅವರ ಕೈಗೇ ಕೊಟ್ಟ. ಆಯಿಲ್ ಗುರುತಿಗಿಂತ ಮೇಲೇರಿತ್ತು, ನೀರಿನಂತೆ ತೆಳ್ಳಗಾಗಿತ್ತು, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಇಟ್ಟಲ್ಲೇ ಇಟ್ಟ ಸರಕು ಹೆಚ್ಚಾಗಿದೆ ಎಂದರೆ ಏನೋ ಬೆರೆತಿದೆ ಎಂದೇ ಲೆಕ್ಕ. ನೀರು ಚಿಮುಕಿಸಿದ ಕೊಬ್ಬರಿಯನ್ನು ಎಷ್ಟೋ ಸಲ ಹಿಡಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ತಡೆಯುವ ಸೂಜಿ ಸವೆದು, ತೆರೆದಿಟ್ಟ ಕಾಕಿನಿಂದ ಪೆಟ್ರೋಲ್ ದಿನವೂ ಎಂಜಿನ್ನಿಗೆ ಇಳಿಯುತ್ತಿತ್ತಂತೆ. ಈ ಆಯಿಲಿನಲ್ಲೇ ಓಡಿಸಿದ್ದರೆ ಬೇರಿಂಗ್ ಸುಟ್ಟುಹೋಗುತ್ತಿತ್ತಂತೆ. ಜುಂಜೇಶ ಪ್ಲಗ್ ಬಿಚ್ಚಿ ಒಳಗಿನ ಪೆಟ್ರೋಲ್ ಹೊರಹಾಕಿದ, ಸೂಜಿ ಬದಲಿಸಿದ, ಹೊಸ ಆಯಿಲ್ ಹಾಕಿದ. ಗಾಡಿ ನಿಲ್ಲಿಸಿದಾಗಲೆಲ್ಲ ಕಾಕ್ ಮುಚ್ಚಿ ಎಂದ.

ಕಾಕನ್ನು ಮಾತ್ರ ನಂಬುವುದು ಹೇಗೆ? ಮುಚ್ಚಿ, ಅದರ ಪೈಪನ್ನು ಕಾರ್ಬುರೇಟರಿನಿಂದ ಬಿಡಿಸಿ ತುದಿಯನ್ನು ಗಾಜಿನ ಬಾಟಲಿಗೆ ಬಿಟ್ಟು, ಶಂಭುಲಿಂಗಯ್ಯನವರು ಅರ್ಧ ದಿನ ಎದುರಿಗೇ ಕುರ್ಚಿ ಹಾಕಿ ಕೂತರು. ಒಂದು ತೊಟ್ಟೂ ಬೀಳಲಿಲ್ಲ.

ಮರುದಿನ ರುದ್ರೇಶ ಗಾಡಿ ಕೇಳಲು ಬಂದ. ಇವರು ಕೀ ಕೊಟ್ಟು, ನಿಲ್ಲಿಸಿದ ತಕ್ಷಣ ಕಾಕ್ ಮುಚ್ಚಬೇಕೆಂದು ಮೂರು ಸಲ ಹೇಳಿದರು.

"ಮುಚ್ತೀನಿ ಭಾವ. ಮುಚ್ಚಿದೀನಿ ಅಂದ್ರೆ ನೀವು ನಂಬಬೇಕಲ್ಲ?"

"ನಂಬ್ತೀನಿ ಕಣಯ್ಯ," ಎನ್ನುತ್ತ ಶಂಭುಲಿಂಗಯ್ಯನವರು ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಸೀಟು ಹತ್ತಿದರು. "ನಡಿ, ನಾನೂ ಬತ್ತೀನಿ."