ಪೂಜೆಗೆ ಇಟ್ಟ ಆಯುಧ

ಚಿಕ್ಕಹನುಮಯ್ಯ ಮೂವತ್ತು ವರ್ಷ ನಾಟಕ ಕಂಪನಿಗಳಿಗೆ ರಾಕ್ಷಸರ ತಲೆ ಮಾಡಿದ. ನಾಯಂಡಹಳ್ಳಿಯಲ್ಲಿ ಒಂದು ಶೆಡ್ಡು. ಅವನು ಕಾಗದ ನೆನೆಸಿ ಅಂಟು ಹಾಕುತ್ತಿದ್ದ, ಹೆಂಡತಿ ಮುನಿಲಕ್ಷ್ಮಮ್ಮ ಕೂದಲು ಹೊಲಿಯುತ್ತಿದ್ದಳು. ಯಾವ ತಲೆಯ ಮೇಲೂ ಅವನ ಹೆಸರಿರಲಿಲ್ಲ.

ಎರಡು ಸಾವಿರದ ಐದರಲ್ಲಿ ಟೀವಿ ಧಾರಾವಾಹಿ ತೆಗೆಯುವ ಮೋಹನ್ ಕುಮಾರ್ ಬಂದ. ಕಥೆ ಹೇಳಿದ. ಯಾವುದೋ ನಕ್ಷತ್ರದಲ್ಲಿ ಬಹಳ ಬುದ್ಧಿವಂತ ಜನ ಇದ್ದರಂತೆ. ಎಷ್ಟು ಬುದ್ಧಿ ಅಂದರೆ, ತಾವೇ ಹೊಡೆದಾಡೋದು ಬೇಜಾರಾಗಿ, ಜಾಡಿಯೊಳಗೆ ಜೀವ ಇರೋ ಆಯುಧ ಬೆಳೆಸಿದರಂತೆ. ಅದಕ್ಕೆ ಅಪ್ಪ ಅಮ್ಮ ಇಲ್ಲ, ಹಸಿವಿಲ್ಲ. ಕೊಲ್ಲು ಅಂದರೆ ಕೊಲ್ಲುತ್ತೆ.

“ಸಾಕು ಅಂದ್ರೆ ನಿಲ್ಲತ್ತಾ ಸಾರ್?” ಮುನಿಲಕ್ಷ್ಮಮ್ಮ ಕೇಳಿದಳು.

ಅದು ಹದಿಮೂರನೇ ವಾರದಲ್ಲಿ ಬರುತ್ತೆ ಅಂದ ಅವನು. ಆ ಆಯುಧ ನೀವು ಮಾಡಿಕೊಡಿ, ಮಾಡಿದವರ ಹೆಸರು ಟೀವಿಯಲ್ಲಿ ಹಾಕುತ್ತೀವಿ ಅಂತಲೂ ಅಂದ. ಚಿಕ್ಕಹನುಮಯ್ಯ ಇದನ್ನು ರೇಷನ್ ಕ್ಯೂನಲ್ಲಿ ನಿಂತವರಿಗೆಲ್ಲ ಹೇಳಿಕೊಂಡು ಬಂದ.

ಹಳೇ ಸೈಕಲ್ ಟ್ಯೂಬು, ಫೋಮು. ಎಂಟಡಿ ಎತ್ತರ, ಆರು ಕೈ. ಮುಗಿಯುವಾಗ ಆಯುಧಪೂಜೆ ಬಂತು. ಕತ್ತರಿ, ಉಳಿ, ಸುತ್ತಿಗೆ ಎಲ್ಲ ತೊಳೆದು ಸಾಲಾಗಿಟ್ಟರು. ಇದೂ ಆಯುಧ ತಾನೇ? ಅವನು ಸ್ಟೂಲ್ ಹತ್ತಿ ಅದರ ಹಣೆಗೆ ಅರಿಶಿನ ಕುಂಕುಮ ಇಟ್ಟ, ಹಾರ ಹಾಕಿದ, ಕಾಲ ಹತ್ತಿರ ಬೂದುಗುಂಬಳ ಒಡೆದ.

ಅವತ್ತೇ ಹನ್ನೊಂದು ಗಂಟೆಗೆ ಮೋಹನ್ ಕುಮಾರ್ ಲಾರಿ ತಂದ. ಕೆಂಗೇರಿಯಲ್ಲಿ ಶೂಟಿಂಗ್, ಯುದ್ಧ ಕಾಯುತ್ತಿದೆ ಅಂದ. ಪೂಜೆಗಿಟ್ಟಿದ್ದನ್ನ ಇವತ್ತು ಎತ್ತೋ ಹಾಗಿಲ್ಲ, ನಾಳೆ ಬನ್ನಿ ಅಂದ ಚಿಕ್ಕಹನುಮಯ್ಯ.

“ಇದು ಆಯುಧ ಅಲ್ಲ ಕಣ್ರೀ. ಫೋಮು.”

“ಆಯುಧ ಅಂದಿದ್ದು ನೀವೇ ಸಾರ್.”

ಹಾಗಾದರೆ ಹೆಸರು ಮರೆತುಬಿಡಿ ಅಂದ ಮೋಹನ್ ಕುಮಾರ್. ಮುನಿಲಕ್ಷ್ಮಮ್ಮ ಹಿಂದಿನಿಂದ ಗಂಡನ ಅಂಗಿ ಎಳೆದಳು. ಅವನು ತಿರುಗಲಿಲ್ಲ. ಮೋಹನ್ ಕುಮಾರನ ಕೈಗೆ ಒಂದು ಪೊಟ್ಟಣ ಕಡ್ಲೆಪುರಿ ಕೊಟ್ಟ. ಲಾರಿ ಖಾಲಿ ಹೋಯಿತು. ಮಾರನೇ ದಿನ ಬಂದು ತಗೊಂಡು ಹೋದರು.

ದೀಪಾವಳಿ ಆದ ಮರುವಾರ ಚಿಕ್ಕಹನುಮಯ್ಯನಿಗೆ ಎದೆ ಹಿಡಿಯಿತು. ಆಟೋ ಬರುವಷ್ಟರಲ್ಲಿ ಹೋದ.

ಸಂಕ್ರಾಂತಿ ಆದಮೇಲೆ ಧಾರಾವಾಹಿ ಶುರುವಾಯಿತು. ಹದಿಮೂರು ಭಾನುವಾರ ಮುನಿಲಕ್ಷ್ಮಮ್ಮ ಪಕ್ಕದ ಮನೆ ಜಯದೇವಿಯ ಟೀವಿ ಮುಂದೆ ಕೂತಳು. ಆಯುಧದ ಹಣೆಯ ಅರಿಶಿನ ಹೋಗೇ ಇರಲಿಲ್ಲ. ಅದು ಊರು ಸುಡುತ್ತಾ ಬಂದರೆ ಜಯದೇವಿಯ ಅತ್ತೆ ಕೈ ಮುಗಿಯುತ್ತಿದ್ದಳು. ಕೊನೇ ವಾರ ಅದು ತನ್ನನ್ನು ಮಾಡಿದ ಬುದ್ಧಿವಂತರನ್ನೇ ಮುಗಿಸಿತು. ನಿಲ್ಲಿಸೋದು ಹೇಗೆ ಅಂತ ಅಷ್ಟು ಜನದಲ್ಲಿ ಒಬ್ಬರೂ ಯೋಚನೆ ಮಾಡಿರಲಿಲ್ಲ.

ಆಮೇಲೆ ಹೆಸರುಗಳು ಬಂದವು. ಡ್ರೈವರ್ ಹೆಸರು, ಕಾಫಿ ಕೊಟ್ಟವನ ಹೆಸರು, ಲಾರಿ ಕೊಟ್ಟವರ ಹೆಸರು. ಬೇಗ ಬೇಗ ಹೋಯ್ತಲ್ಲ, ನಮ್ಮ ಕಣ್ಣಿಗೆ ಬಿದ್ದಿಲ್ಲವೇನೋ ಅಂದಳು ಜಯದೇವಿ. ಮುನಿಲಕ್ಷ್ಮಮ್ಮ ಓದುವುದು ನಿಧಾನ. ಆದರೆ ಆ ಒಂದು ಹೆಸರು ಎಲ್ಲಿದ್ದರೂ ಅವಳಿಗೆ ಸಿಗುತ್ತಿತ್ತು.

“ಅವತ್ತೇ ಎತ್ಕೊಂಡು ಹೋಗಿ ಅಂದಿದ್ರೆ ದೇವ್ರೇನು ಬೈತಿರ್ಲಿಲ್ಲ ಕಣೇ,” ಅಂದಳು. “ಕೇಳ್ಬೇಕಲ್ಲ ಆ ಮನುಷ್ಯ.”