ಬಚ್ಚಲ ಹಿಂದಿನ ಕೊಳೆತ ಮಟ್ಟೆ

ನಮ್ಮ ಪಿಎಚ್‌ಡಿ ಗೈಡ್‌ಗೆ ಕೊಳೆತದ್ದೆಂದರೆ ಆಗದು. ಸಸ್ಯದ ಕಸವನ್ನು ಕರಗಿಸುವ ಬ್ಯಾಕ್ಟೀರಿಯಾದ ಮೇಲೆ ನನ್ನಿಂದ ಪ್ರಬಂಧ ಬರೆಸುತ್ತಿದ್ದ ಆ ಮನುಷ್ಯ, ತಿಪಟೂರಿನ ನಾರಿನ ಫ್ಯಾಕ್ಟರಿಗೆ ಬಂದವರು ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿ ಇಳಿಸಿ, ನಾರು ತೆಗೆದು ಉಳಿದ ಪುಡಿಯ ಗುಡ್ಡೆಯ ಕಡೆ ಬೆರಳು ತೋರಿಸಿದರು. ನಾನು ಮೊಣಕಾಲುದ್ದ ಪುಡಿಯಲ್ಲಿ ನಿಂತು ಚೀಲ ತುಂಬಿದೆ. ಅದರಲ್ಲಿ ಕೆಲಸಕ್ಕೆ ಬರುವಂಥ ಬ್ಯಾಕ್ಟೀರಿಯಾ ಒಂದೂ ಸಿಗಲಿಲ್ಲ.

ಸಿಕ್ಕಿದ್ದು ಹೊನ್ನವಳ್ಳಿಯಲ್ಲಿ, ದೊಡ್ಡಪ್ಪನ ಮನೆಯ ಬಚ್ಚಲ ಹಿಂದೆ. ನೀರೊಲೆಗೆ ಹಾಕಲು ಅಲ್ಲಿ ತೆಂಗಿನಕಾಯಿ ಸುಲಿದ ಮಟ್ಟೆಯ ರಾಶಿ ಇರುತ್ತಿತ್ತು. ಉರಿಗೆ ಮೇಲಿನ ಒಣ ಮಟ್ಟೆ ತೆಗೆಯುತ್ತಾರೆ, ಹೊಸದನ್ನು ಅದರ ಮೇಲೇ ಸುರಿಯುತ್ತಾರೆ. ಅಡಿಯದನ್ನು ನಾನು ಹುಟ್ಟಿದಾಗಿನಿಂದ ಯಾರೂ ಮುಟ್ಟಿರಲಿಲ್ಲ. ಬಚ್ಚಲ ನೀರು ಹರಿದು ಹರಿದು ಅದು ಕಪ್ಪಗೆ, ಮೆತ್ತಗಾಗಿತ್ತು. ಸೋಮಾರಿಗಳ ಮನೆ ಎಂದು ಮೂಗು ಮುಚ್ಚಿಕೊಂಡೇ ಒಂದು ಶೀಸೆ ತುಂಬಿದೆ.

ಅದರಲ್ಲಿ ಏನಿದೆ ಎಂದು ದೊಡ್ಡಪ್ಪ ಕೇಳಿದರು. ಕೊಬ್ಬರಿ ರೇಟು ಬಿಟ್ಟು ಬೇರೇನೂ ತಲೆಗೆ ಹೋಗದ ಮನುಷ್ಯನಿಗೆ ಕಿಣ್ವದ ಪುರಾಣ ಯಾಕೆ? ಬ್ಯಾಕ್ಟೀರಿಯಾ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಆ ಶೀಸೆಯಿಂದ ಬೆಳೆದ ಒಂದು ಬ್ಯಾಕ್ಟೀರಿಯಾ ಲ್ಯಾಬಿನ ತಟ್ಟೆಯಲ್ಲಿ ತನ್ನ ಸುತ್ತ ಅಗಲವಾದ ತಿಳಿ ಉಂಗುರ ಮೂಡಿಸಿತು. ಅಂದರೆ ಅದು ಸ್ರವಿಸುವ ಕಿಣ್ವ ಅಲ್ಲಿದ್ದ ನಾರಿನಂಶವನ್ನೆಲ್ಲ ಕರಗಿಸಿತ್ತು. ಪಿಎಚ್‌ಡಿ ಕೈಗೆ ಬಂತು ಎಂದು ಕುಣಿದಾಡಿದೆ. ಗೈಡ್ ಅದನ್ನು ನಮ್ಮ ಬ್ಯಾಕ್ಟೀರಿಯಾ ಎನ್ನತೊಡಗಿದರು. ದಸರಾ ರಜೆಯಲ್ಲಿ ಅದೇ ಮಹಾನುಭಾವರು ಫೋನ್ ಚಾರ್ಜ್ ಮಾಡಲು ಆ ತಟ್ಟೆಗಳಿದ್ದ ಫ್ರಿಜ್ಜಿನ ಪ್ಲಗ್ ಕಿತ್ತು, ಮತ್ತೆ ಹಾಕದೆ ಮನೆಗೆ ಹೋದರು. ನಾನು ಬಂದು ನೋಡಿದರೆ ತಟ್ಟೆಗಳ ತುಂಬ ಬೂಷ್ಟು. ಬೇರೆ ಕಡೆ ಒಂದಿಷ್ಟು ಎತ್ತಿಡುವ ಬುದ್ಧಿ ನನಗೂ ಇರಲಿಲ್ಲ. ಆದರೆ ಬೈದದ್ದೆಲ್ಲ ಅವರನ್ನೇ.

ಹೋದರೆ ಹೋಗಲಿ, ರಾಶಿ ಇದೆಯಲ್ಲ ಎಂದು ಹೊನ್ನವಳ್ಳಿಗೆ ಹೋದೆ. ಬಚ್ಚಲ ಹಿಂದೆ ನೆಲ ಬೋಳಾಗಿತ್ತು.

ದೊಡ್ಡಪ್ಪ ಅದನ್ನು ಹೆಮ್ಮೆಯಿಂದ ತೋರಿಸಿದರು. ನಮ್ಮೂರಿನಲ್ಲಿ ಪರೀಕ್ಷೆಗೆಂದು ಶೀಸೆಯಲ್ಲಿ ತುಂಬಿಕೊಂಡು ಹೋಗುವುದು ಬೋರ್‌ವೆಲ್ ನೀರನ್ನು ಮಾತ್ರ. ಆಮೇಲೆ ಬರುವುದು ಕುಡಿಯಬೇಡಿ ಎಂಬ ಬೋರ್ಡು. ಹಾಗಾಗಿ ಹಿತ್ತಲಿನಲ್ಲಿ ರೋಗ ಸಿಕ್ಕಿದೆ, ತಮ್ಮನ ಮಗಳು ದಾಕ್ಷಿಣ್ಯಕ್ಕೆ ಬಾಯಿ ಬಿಡುತ್ತಿಲ್ಲ ಎಂದು ಅವರು ತೀರ್ಮಾನಿಸಿದ್ದರು. ಎರಡು ಆಳು ಕರೆಸಿ, ಅಡಿಯವರೆಗೂ ಬಗೆಸಿ, ಒಣಗಿಸಿ ಸುಟ್ಟು, ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕಿಸಿದ್ದರು. ಆಮೇಲೆ ಊರಿನ ಎಷ್ಟೋ ಹಿತ್ತಲು ಕೆದಕಿದೆ, ಅಂಥದ್ದು ಮತ್ತೆ ಸಿಗಲಿಲ್ಲ.

ಅಂದು ನಾನು ಬಾಯಿಗೆ ಬಂದಂತೆ ಅಂದೆ. ಹೆಬ್ಬೆಟ್ಟುಗಳ ಊರು ಎಂದೂ ಅಂದೆ. ಉಂಗುರ, ಕಿಣ್ವ, ಚೂರೇ ಚೂರು ಬೆರೆಸಿದರೆ ರಾಶಿ ಮಟ್ಟೆ ಗೊಬ್ಬರವಾಗುವ ಬಗೆ, ಎಲ್ಲವನ್ನೂ ಬೈಗುಳದ ನಡುವೆಯೇ ಮೊದಲ ಸಲ ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿದರು. ಹಾಲಿಗೆ ಹೆಪ್ಪು ಹಾಕಿದ ಹಾಗಾ ಎಂದು ಒಂದೇ ಪ್ರಶ್ನೆ ಕೇಳಿದರು. ಹೌದು, ಹೆಚ್ಚುಕಡಿಮೆ ಹಾಗೇ ಎಂದೆ.

"ಹೆಪ್ಪು ಅಂತ ಒಂದು ಮಾತು ಅಂದಿದ್ರೆ ಆಗೋಗಿತ್ತು ಕಣವ್ವ," ಎಂದರು. "ಹೆಪ್ಪನ್ನ ಯಾರಾದ್ರೂ ಸುಡ್ತಾರಾ?"

ಆ ಮಾತು ನನಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೂ, ಅವರಿಗೆ ಹೇಳುವಷ್ಟು ಮರ್ಯಾದೆ ನಾನು ಕೊಡುತ್ತಿರಲಿಲ್ಲ.